ನೂರಿಪ್ಪತ್ತೇಳರ ಆಚೆಗೆ

ನಮ್ಮೂರಲ್ಲಿ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಬರೆಯುವಂತೆಯೂ ಇಲ್ಲ. ಬೆರಳೆತ್ತಿ ತೋರಿಸಿದರೆ ಹಿರಿಯರು ಕೈ ಮೇಲೆ ಪಟ್ಟನೆ ಬಾರಿಸುತ್ತಾರೆ. ನಾನೀಗ ಬರೆಯುತ್ತಿರುವುದು ಹೊರಗಿನ ನಿಮಗಾಗಿ, ಹಾಗಾಗಿ ಅಲ್ಲಲ್ಲಿ ಸಂಖ್ಯೆ ಬಂದೇ ಬರುತ್ತದೆ. ನಿಮ್ಮಲ್ಲಿ ಯಾರೂ ನಮ್ಮೂರಿಗೆ ಬಂದು ಚಾಡಿ ಹೇಳದಿದ್ದರೆ ಸಾಕು.

ಮನಸ್ಸಿನಲ್ಲಿ ಎಣಿಸಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ನಿಮ್ಮ ಎಣಿಕೆಯನ್ನು ಇನ್ನೊಬ್ಬರ ಎಣಿಕೆಯ ಜೊತೆ ಸರಿನೋಡಬೇಕೆಂದರೆ ಡಬ್ಬಿ ಮನೆಗೆ ಬರಬೇಕು. ಎಣಿಸಿದಷ್ಟು ಹುಣಸೆ ಬೀಜಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದು ಕೊಟ್ಟರೆ, ನಾವು ಅವನ್ನು ಮರದ ಡಬ್ಬಿಗೆ ತುಂಬಿ, ಡಬ್ಬಿಯ ಬಳೆಗೆ ಉದ್ದನೆಯ ನೂಲು ಕಟ್ಟಿ, ನೂಲಿನ ತುದಿಯನ್ನು ನಿಮ್ಮ ಕೈಗೆ ಕೊಡುತ್ತೇವೆ. ಡಬ್ಬಿ ನಮ್ಮಲ್ಲಿ, ನೂಲು ನಿಮ್ಮಲ್ಲಿ. ಆ ನೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊರೆಲ್ಲ ತಿರುಗುತ್ತೀರಿ. ಹೀಗೆ ಊರಿನವರೆಲ್ಲರ ನೂಲೂ ಬೀದಿಯ ಮೇಲೆ, ಸೂರಿನ ಮೇಲೆ, ಹುಣಸೆಮರದ ಕೊಂಬೆಗಳ ಮೇಲೆ ಹಾದುಹೋಗಿ ನಮ್ಮ ಡಬ್ಬಿ ಮನೆಯ ಕಿಟಕಿಗಳೊಳಗೆ ಬಂದು ಸೇರುತ್ತವೆ. ಸಿಕ್ಕಾದ ನೂಲನ್ನು ಬಿಡಿಸುವುದಕ್ಕೆಂದೇ ಚೆನ್ನಿಗಪ್ಪ ಎನ್ನುವವನಿದ್ದಾನೆ. ಅವನ ವಿಷಯ ಆಮೇಲೆ ಹೇಳುತ್ತೇನೆ, ಅದನ್ನು ಹೇಳುವುದಕ್ಕೇ ಕೂತಿರುವುದು.

ನನ್ನ ಹೆಸರು ತುಂಗಮ್ಮ. ಹದಿನಾಲ್ಕು ವರ್ಷ ಡಬ್ಬಿ ಮನೆಯ ಯಜಮಾನಿಕೆ ಮಾಡಿದವಳು. ನಾನು ಯಜಮಾನಿಕೆ ವಹಿಸಿಕೊಂಡಾಗ ಅಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹಾಲಿನ ಹೆಂಗಸು ನಲವತ್ತು ಮನೆಗೆ ಎರಡೆರಡು ಪಾವು ಹಾಲು ಹಾಕಿದರೆ, ಅವಳ ಕಡೆಯಿಂದ ನಲವತ್ತು ಡಬ್ಬಿ, ಮನೆಗಳ ಕಡೆಯಿಂದ ನಲವತ್ತು ಡಬ್ಬಿ. ಎಲ್ಲದರೊಳಗೂ ಅದೇ ಎರಡು ಬೀಜ. ಮಾರನೆಯ ದಿನ ಮತ್ತೆ ಎಂಬತ್ತು ಹೊಸ ಡಬ್ಬಿ. ನಮ್ಮ ಬಡಗಿ ಈರಣ್ಣ ಹೊತ್ತು ಹುಟ್ಟಿದಾಗ ಉಳಿ ಹಿಡಿದರೆ ಹೊತ್ತು ಮುಳುಗುವಾಗ ಇಡುತ್ತಿದ್ದ. ಅಷ್ಟು ಹೊತ್ತಿಗೆ ಅವನ ಬಾಯಿಂದ ಬರುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಇದಕ್ಕಿಂತ ದೊಡ್ಡ ಪೀಡೆ ಗಂಟೆಯದು. ಯಾರಿಗೂ ಬೇಡವಾದ ಡಬ್ಬಿಗಳನ್ನು ಆಚೆ ಹಾಕಬೇಕಲ್ಲ. ಯಾವುದು ಬೇಕು, ಯಾವುದು ಬೇಡ ಎಂದು ತಿಳಿಯುವುದಕ್ಕೆ ನಾವು ಗಂಟೆ ಬಾರಿಸುತ್ತಿದ್ದೆವು. ಗಂಟೆ ಕೇಳಿದ ಕೂಡಲೇ ಊರಿನವರು ಇದ್ದಲ್ಲೇ ಅಲುಗಾಡದೆ ನಿಂತು ತಮ್ಮ ತಮ್ಮ ನೂಲನ್ನು ಬಿಗಿಯಾಗಿ ಹಿಡಿಯಬೇಕು. ನೂಲು ಬಿಗಿಯಾಗಿದ್ದರೆ ಆ ಡಬ್ಬಿ ಉಳಿಯಿತು, ಜೋತುಬಿದ್ದಿದ್ದರೆ ಒಲೆಗೆ ಹೋಯಿತು. ನೂಲಿನ ಗುಣ ನಿಮಗೆ ಗೊತ್ತೇ ಇದೆ, ದಿನಾ ಅಷ್ಟಿಷ್ಟು ಜೋಲುತ್ತದೆ, ದಿನಾ ಎಳೆದು ಬಿಗಿಮಾಡಬೇಕು. ಬೇಕಾದವರು ಮಾಡುತ್ತಾರೆ. ಆಗೆಲ್ಲ ದಿನಕ್ಕೆ ಆರು ಸಲ ಗಂಟೆ ಹೊಡೆಯುತ್ತಿತ್ತು. ಕ್ಷೌರಕ್ಕೆ ಕೂತವರು ಅರ್ಧ ಮೀಸೆಯಲ್ಲಿ ಕೂತಿರುತ್ತಿದ್ದರು, ಹೆಂಚಿನ ಮೇಲಿನ ದೋಸೆ ಕಣ್ಣೆದುರೇ ಕರಕಲಾಗುತ್ತಿತ್ತು. ಬಚ್ಚಲಿನಲ್ಲಿ ಸಿಕ್ಕಿಕೊಂಡವರ ಪಾಡು ಅವರಿಗೇ ಗೊತ್ತು.

ನನಗೆ ಸೋಮಾರಿಗಳನ್ನು ಕಂಡರೆ ಆಗುವುದಿಲ್ಲ. ಆದರೆ ಮಾಡಿದ್ದನ್ನೇ ಮಾಡುವವರನ್ನು ಕಂಡರೆ ಅದಕ್ಕಿಂತ ಹೆಚ್ಚು ಮೈ ಉರಿಯುತ್ತದೆ. ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಈರಣ್ಣನನ್ನು ಕರೆದು, ಗೋಡೆಯುದ್ದಕ್ಕೂ ಒಂದು ಹಲಗೆ ಹೊಡೆಸಿದೆ. ಅದರ ಮೇಲೆ ಖಾಲಿ ಡಬ್ಬಿಯಿಂದ ಶುರುಮಾಡಿ, ಒಂದು ಬೀಜದ್ದು, ಎರಡು ಬೀಜದ್ದು, ಮೂರು ಬೀಜದ್ದು ಹೀಗೆ ಸಾಲಾಗಿ ಇಡಲು ಹಚ್ಚಿದೆ. ಇನ್ನು ಮೇಲೆ ಯಾರು ಎರಡು ಬೀಜ ತಂದರೂ ಹೊಸ ಡಬ್ಬಿ ಮಾಡುವುದಿಲ್ಲ. ಹಲಗೆಯ ಮೇಲಿರುವ ಎರಡರ ಡಬ್ಬಿಗೇ ಇನ್ನೊಂದು ನೂಲು ಕಟ್ಟಿ ಕೊಟ್ಟರಾಯಿತು. ಎರಡು ಎಂದರೆ ಎರಡೇ ತಾನೆ, ನಿನ್ನ ಎರಡು ಬೇರೆ ನನ್ನ ಎರಡು ಬೇರೆಯೆ?

ಮಧ್ಯಾಹ್ನದ ಹೊತ್ತಿಗೆ ಈರಣ್ಣ ಒಳಗಿಂದ ಕೂಗಿದ. "ಅಕ್ಕಾ, ಗೋಡೆ ಬಂತು."

ಹೋಗಿ ನೋಡಿದೆ. ನೂರಿಪ್ಪತ್ತೇಳು ಬೀಜದ ಡಬ್ಬಿ ಗೋಡೆಗೆ ತಾಗಿ ಕೂತಿತ್ತು.

"ಗೋಡೆ ಒಡೆದು ಆಚೆಗೂ ಹಲಗೆ ಹೊಡೀಲಾ?"

"ಬೇಡ, ನಿಲ್ಸು" ಎಂದೆ. "ಅದಕ್ಕಿಂತ ಜಾಸ್ತಿ ಈ ಊರಲ್ಲಿ ಯಾರು ಏನ್ ಎಣಿಸ್ತಾರೆ? ಅಪರೂಪಕ್ಕೆ ಬಂದ್ರೆ ಹಳೇ ಥರಾನೇ ಹೊಸ ಡಬ್ಬಿ ಮಾಡಿಕೊಟ್ರಾಯ್ತು."

ಊರು ಬದಲಾಗಿಹೋಯಿತು. ದಿನಕ್ಕೆ ಆರು ಸಲ ಹೊಡೆಯುತ್ತಿದ್ದ ಗಂಟೆ ವಾರಕ್ಕೊಂದು ಸಲಕ್ಕೆ ಇಳಿಯಿತು. ಜನ ಪೂರ್ತಿ ಮೀಸೆಯಲ್ಲಿ ಓಡಾಡತೊಡಗಿದರು. ನನಗೆ ಶಾಲು ಹೊದಿಸಿ, ಮೂಸಂಬಿಯ ಬುಟ್ಟಿ ಕೊಟ್ಟು, ಊರಿನ ಹಿರಿಯ ಬೆಟ್ಟಯ್ಯನವರು ಅರ್ಧ ಗಂಟೆ ಹೊಗಳಿದರು. ನಾನು ಬೇಡ ಬೇಡ ಎನ್ನುತ್ತ ಪೂರ್ತಿ ಕೇಳಿದೆ.

ಒಂದೇ ಒಂದು ಎಡವಟ್ಟಾಯಿತು. ಈರಣ್ಣನಿಗೆ ಹುರಿದ ಹುಣಸೆ ಬೀಜ ಅಗಿಯುವ ಚಟ. ಹಲಗೆ ಹಾಕಿದ ಹೊಸತರಲ್ಲಿ ಯಾವುದೋ ಯೋಚನೆಯಲ್ಲಿ ಐದರ ಡಬ್ಬಿಗೆ ಕೈಹಾಕಿ ಒಂದು ಬೀಜ ಬಾಯಿಗೆ ಎಸೆದುಕೊಂಡ. ಮೊದಲಾಗಿದ್ದರೆ ಯಾರೋ ಒಬ್ಬರ ಐದು ಕೆಡುತ್ತಿತ್ತು. ಈಗ ಊರಿನ ಐದುಗಳೆಲ್ಲ ಒಟ್ಟಿಗೆ ನಾಲ್ಕಾದವು. ಐವರು ಅಣ್ಣತಮ್ಮಂದಿರ ಮನೆಗೆ ಊಟದ ಎಲೆ ನಾಲ್ಕೇ ಬಂದವು. ಇವರಲ್ಲಿ ಯಾರು ಲೆಕ್ಕಕ್ಕಿಲ್ಲ ಎಂದು ಅಲ್ಲಿ ನಡೆದ ಜಗಳದಲ್ಲಿ ಮನೆಯೇ ಪಾಲಾಯಿತು. ಆ ದಿನವೇ ನಾನು ಎಲ್ಲ ಡಬ್ಬಿಗಳ ಮುಚ್ಚಳಕ್ಕೂ ಮೊಳೆ ಹೊಡೆಸಿದೆ. ಹಲಗೆಯ ಮೇಲಿನವಕ್ಕೆ ಮಾತ್ರವಲ್ಲ, ಹೊಸದಾಗಿ ಮಾಡುವವಕ್ಕೂ. ಬಾಗಿಲಲ್ಲಿ ಬೋರ್ಡು ಹಾಕಿಸಿದೆ: ಡಬ್ಬಿ ತೆರೆದವರಿಗೆ ಮತ್ತೆ ಇಲ್ಲಿ ಪ್ರವೇಶವಿಲ್ಲ.

ಡಬ್ಬಿ ತೆರೆಯುವಂತಿಲ್ಲ ಎಂದಮೇಲೆ ಸರಿನೋಡುವುದು ಹೇಗೆ? ಮೊದಲೆಲ್ಲ ಇಬ್ಬರೂ ತಂತಮ್ಮ ಡಬ್ಬಿಯ ಬೀಜಗಳನ್ನು ಹೊರಗೆ ಸುರಿದು, ನಿನ್ನದರ ಪಕ್ಕ ನನ್ನದು ಎಂದು ಜೋಡಿ ಜೋಡಿ ಇಡುತ್ತಿದ್ದರು. ಕೊನೆಗೆ ಯಾವ ಬೀಜವೂ ಒಂಟಿ ಉಳಿಯದಿದ್ದರೆ ಸರಿ. ಈಗ ಅದರ ತಲೆನೋವೇ ಬೇಡವಾಯಿತು. ಹಾಲಿನ ಹೆಂಗಸು ತನ್ನ ನೂಲನ್ನು ಜಗ್ಗಿದರೆ, ಅದೇ ಡಬ್ಬಿಗೆ ಕಟ್ಟಿದ ಗಿರಾಕಿಯ ನೂಲೂ ಕೈಯಲ್ಲಿ ಕುಣಿಯುತ್ತಿತ್ತು. ಕುಣಿದರೆ ಸರಿ, ಕುಣಿಯದಿದ್ದರೆ ತಪ್ಪು. ಇಷ್ಟು ಸುಲಭವಾದದ್ದು ಸಿಕ್ಕಮೇಲೆ ಯಾರಾದರೂ ಬಿಡುತ್ತಾರೆಯೆ? ವರ್ಷ ಕಳೆಯುವುದರೊಳಗೆ ಇಡೀ ಊರು ಜಗ್ಗುವುದನ್ನು ಕಲಿತು ಜೋಡಿ ಇಡುವುದನ್ನು ಮರೆಯಿತು. ಇನ್ನೆರಡು ವರ್ಷಕ್ಕೆ, ಡಬ್ಬಿ ತೆರೆದು ನೋಡೋಣ ಎನ್ನುವುದು ಎದುರಿನವರ ಮುಖಕ್ಕೆ ಉಗಿದಷ್ಟೇ ದೊಡ್ಡ ಅವಮಾನವಾಯಿತು.

ಒಮ್ಮೆ ಮಡಿವಾಳರವನು ನನ್ನ ಹತ್ತಿರ ಬಂದ. ಯಾವುದೋ ಮದುವೆ ಮನೆಯ ಬಟ್ಟೆ ಒಗೆದಿದ್ದನಂತೆ. ಪ್ರತಿ ಸಲವೂ ಕುಣಿಯುತ್ತಿದ್ದ ನೂಲು ಆವತ್ತು ಕುಣಿಯಲಿಲ್ಲವಂತೆ, ಕಳ್ಳ ಅನ್ನಿಸಿಕೊಂಡು ಬಂದಿದ್ದ. "ಅಮ್ಮಾ, ಹೋದ್ಸಲಕ್ಕಿಂತ ಈ ಸಲ ಟವೆಲ್ ಜಾಸ್ತಿ ಇತ್ತು ಅಷ್ಟೇ. ನಾನು ಸರಿಯಾಗೇ ಎಣಿಸಿದ್ದೀನಿ. ನಿಮ್ಮ ಡಬ್ಬೀಲೇ ಏನೋ ಇದೆ" ಎಂದ. ನನ್ನ ಡಬ್ಬಿಯ ಮೇಲೆ ದೂರು! "ಮೊದ್ಲು ಎಣಿಸೋದು ಕಲ್ತ್ಕೊಂಡು ಬಾ" ಎಂದು ಅಟ್ಟಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಇನ್ನು ಚೆನ್ನಿಗಪ್ಪನ ವಿಷಯ. ಅವನಿಗೆ ನಲವತ್ತನಾಲ್ಕು, ನನಗೆ ಮೂವತ್ತೊಂಬತ್ತು. ನನ್ನ ಬಾಯಿಗೆ ಹೆದರಿ ನನ್ನನ್ನು ಯಾರೂ ಕೇಳಿರಲಿಲ್ಲ. ಅವನ ಬಾಯಿಂದ ಮಾತೇ ಹೊರಡುವುದಿಲ್ಲವಾದ್ದರಿಂದ ಅವನು ಯಾರನ್ನೂ ಕೇಳಿರಲಿಲ್ಲ. ಸೂರಿನ ಮೇಲೆ ಕೂತು ಸಿಕ್ಕು ಬಿಡಿಸುತ್ತಿದ್ದರೆ ಅವಸರ ಎನ್ನುವುದು ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಹೋದ ವರ್ಷದಿಂದ ನಮ್ಮ ಮನೆಯ ಸೂರಿನ ಮೇಲೇ ನೂಲುಗಳು ಯಾಕೋ ಪದೇ ಪದೇ ಸಿಕ್ಕಾಗುತ್ತಿದ್ದವು. ಒಂದು ದಿನ ಕೆಳಗೆ ನಿಂತು ಕೇಳಿಯೇಬಿಟ್ಟೆ. "ಏನ್ರೀ, ಇದನ್ನೆಲ್ಲ ಸಿಕ್ಕು ಮಾಡೋದೂ ನೀವೇನಾ?"

ಅವನು ಬಹಳ ಹೊತ್ತು ಯೋಚಿಸಿ, "ಸ್ವಲ್ಪ" ಎಂದ.

ಅಲ್ಲಿಗೆ ನಮ್ಮ ಮದುವೆ ಮಾತಾಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ದಿನ ಡಬ್ಬಿ ಮನೆಯಲ್ಲಿ ಯಾರಿಗೂ ಬೈಯಲಿಲ್ಲ. ಹುಷಾರಿಲ್ಲವೇ ಅಕ್ಕಾ ಎಂದು ಈರಣ್ಣ ಎರಡು ಸಲ ಬಂದು ಕೇಳಿದ.

ಚೆನ್ನಿಗಪ್ಪನ ಅಕ್ಕ ಲಿಂಗಾಜಮ್ಮನಿಗೆ ಮಾತ್ರ ಈ ಸಂಬಂಧ ಹಿಡಿಸಲಿಲ್ಲ. ಅವಳು ಮದುವೆಯಿಲ್ಲದೆ ತಮ್ಮನ ಜೊತೆ ಊರಿನ ಮೂಡಲ ತುದಿಯಲ್ಲಿದ್ದಳು. ಒಂಬತ್ತು ವರ್ಷದ ಹಿಂದೆ ಅವಳಿಗೂ ಪಡುವಲ ತುದಿಯ ಗಾಣದ ಮರಿಸಿದ್ದನಿಗೂ ಮದುವೆ ಗೊತ್ತಾಗಿತ್ತು. ಬಾಗಿಲು ಎಣಿಕೆಯಲ್ಲಿ ಸರಿಬರಲಿಲ್ಲವೆಂದು ಮುರಿದುಬಿತ್ತು. "ಅವನಿಗೆ ಎಣಿಸೋಕೆ ಬರಲ್ಲ" ಎಂದು ಅವಳು, "ಅವಳಿಗೆ ಎಣಿಸೋಕೆ ಬರಲ್ಲ" ಎಂದು ಅವನು, ಊರಿನ ಎರಡು ತುದಿಯಲ್ಲಿ ಹೇಳಿಕೊಂಡು ಬಂದಿದ್ದರು. ಇಬ್ಬರೂ ಆಮೇಲೆ ಯಾರನ್ನೂ ಕಟ್ಟಿಕೊಳ್ಳಲಿಲ್ಲ.

ಬಾಗಿಲು ಎಣಿಕೆ ಎಂದರೆ ನಮ್ಮೂರ ಮದುವೆಯಲ್ಲಿ ತಾಳಿಗಿಂತ ಮುಂಚಿನದು. ಮದುಮಗಳು ತನ್ನ ಮನೆಯಿಂದ ಹೊರಟು ಗಂಡಿನ ಮನೆಯವರೆಗೆ ದಾರಿಯ ಎರಡೂ ಬದಿಯ ಬಾಗಿಲುಗಳನ್ನು ಎಣಿಸುತ್ತಾಳೆ. ಗಂಡು ತನ್ನ ಮನೆಯಿಂದ ಹೊರಟು ಹೆಣ್ಣಿನ ಮನೆಯವರೆಗೆ ಎಣಿಸುತ್ತಾನೆ. ಇಬ್ಬರೂ ಬೇರೆ ಬೇರೆಯಾಗಿ ಡಬ್ಬಿ ಮಾಡಿಸುತ್ತಾರೆ. ಚಪ್ಪರದಲ್ಲಿ ಎಲ್ಲರೆದುರು ಸರಿನೋಡುತ್ತಾರೆ. ನಡುವಿನ ದಾರಿಯಲ್ಲಿ ಏನಿದೆ ಎನ್ನುವುದರಲ್ಲೇ ಒಮ್ಮತವಿಲ್ಲದವರು ಒಂದೇ ಒಲೆಯ ಮುಂದೆ ಹೇಗೆ ಬಾಳುತ್ತಾರೆ ಎಂದು ಹಿರಿಯರ ತರ್ಕ. ನಮ್ಮೂರ ಜನ ಸಾಮಾನ್ಯವಾಗಿ ಆಚೀಚೆ ಬೀದಿಯಲ್ಲೇ ಸಂಬಂಧ ಬೆಳೆಸುವುದರಿಂದ ಇಪ್ಪತ್ತು, ಮೂವತ್ತು, ಹೆಚ್ಚೆಂದರೆ ಅರವತ್ತು ಬಾಗಿಲು. ಹಲಗೆಯ ಡಬ್ಬಿಗಳು ಕುಣಿದು ಮದುವೆಗಳು ಆಗುತ್ತಿದ್ದವು.

ನಮ್ಮ ಮನೆ ಪಡುವಲ ಕಡೆಗೆ. ನಾನು ಬೆಳಿಗ್ಗೆ ಎದ್ದು, ಚೀಲ ಹಿಡಿದು, ಬಾಗಿಲಿಗೊಂದು ಬೀಜ ಹಾಕುತ್ತ ನಡೆದೆ. ನೂರಿಪ್ಪತ್ತೆಂಟಾಯಿತು. ಡಬ್ಬಿ ಮನೆಗೆ ಹೋಗಿ ಕೊಟ್ಟೆ. ಹಲಗೆಯಲ್ಲಿ ಇಲ್ಲದ್ದರಿಂದ ಈರಣ್ಣ ಹೊಸ ಡಬ್ಬಿ ಮಾಡಿ, ಮೊಳೆ ಹೊಡೆದು, ಸುಣ್ಣದಲ್ಲಿ ನನ್ನ ಹೆಸರು ಬರೆದು ಹಿಂದಿನ ಕೋಣೆಯಲ್ಲಿಟ್ಟ. ಮಧ್ಯಾಹ್ನ ಚೆನ್ನಿಗಪ್ಪ ಚೀಲ ತಂದ. ಅವನಿಗೂ ಹೊಸ ಡಬ್ಬಿ ಮಾಡಿದರು. ನಾನು ಅಲ್ಲೇ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದೆ. ಎರಡು ಡಬ್ಬಿ ಬೇರೆ ಬೇರೆ ತಯಾರಾಗುವುದನ್ನು ಕಣ್ಣಾರೆ ಕಂಡೆ. ತಲೆಗೆ ಏನೂ ಹೊಳೆಯಲಿಲ್ಲ. ಮದುವೆಯ ಸೀರೆಗೆ ಯಾವ ಬಣ್ಣದ ಕುಪ್ಪಸ ಎನ್ನುವುದನ್ನೇ ಯೋಚಿಸುತ್ತಿದ್ದೆ.

ಮದುವೆಯ ಚಪ್ಪರವನ್ನು ಡಬ್ಬಿ ಮನೆಯ ಅಂಗಳದಲ್ಲೇ ಹಾಕಿದ್ದರು. ಊರಿಗೂರೇ ಸೇರಿತ್ತು. ಮರಿಸಿದ್ದನೊಬ್ಬ ಬಂದಿರಲಿಲ್ಲ, ಲಿಂಗಾಜಮ್ಮನಿದ್ದ ಕಡೆಗೆ ಅವನು ಬರುವುದಿಲ್ಲ. ಬೆಟ್ಟಯ್ಯನವರು ಗಂಟಲು ಸರಿಮಾಡಿಕೊಂಡು, "ಜಗ್ಗಮ್ಮಾ" ಎಂದರು. ನಾನು ಜಗ್ಗಿದೆ.

ಚೆನ್ನಿಗಪ್ಪನ ಕೈಯಲ್ಲಿ ನೂಲು ಸುಮ್ಮನೆ ಇತ್ತು.

ಇನ್ನೂ ಜೋರಾಗಿ ಜಗ್ಗಿದೆ. ಒಳಗೆ ಹಿಂದಿನ ಕೋಣೆಯಲ್ಲಿ ನನ್ನ ಡಬ್ಬಿ ನೆಲಕ್ಕೆ ಬಿದ್ದ ಸದ್ದು ಇಡೀ ಚಪ್ಪರಕ್ಕೆ ಕೇಳಿಸಿತು. ಚೆನ್ನಿಗಪ್ಪನ ನೂಲು ಕುಣಿಯಲಿಲ್ಲ. ನನಗೆ ದುಃಖ ಬಂದಾಗಲೆಲ್ಲ ಅದು ಸಿಟ್ಟಾಗಿಯೇ ಹೊರಗೆ ಬರುತ್ತದೆ.

"ಏನ್ರೀ ಇದು! ಬಾಗಿಲು ಎಣಿಸೋಕೂ ಬರಲ್ವಾ? ದಾರಿ ಪೂರ್ತಿ ಆಕಾಶ ನೋಡ್ಕೊಂಡು ಬಂದ್ರಾ?"

"ನಾನು ಹೇಳ್ಲಿಲ್ವಾ?" ಎಂದಳು ಲಿಂಗಾಜಮ್ಮ ಎದ್ದು ನಿಂತು. "ಇದು ಕೂಡಿಬರೋ ಸಂಬಂಧ ಅಲ್ಲ ಅಂತ. ಏಳೋ ಚೆನ್ನಿಗ, ಮನೆಗೆ ಹೋಗೋಣ."

ಅವಳ ದನಿಯಲ್ಲಿ ಖುಷಿಯಿರಲಿಲ್ಲ, ಅದನ್ನು ನಾನು ಹೇಳಲೇಬೇಕು. ತನಗಾದದ್ದೇ ತಮ್ಮನಿಗೂ ಆಯಿತಲ್ಲ ಎನ್ನುವ ಸೋಲಿತ್ತು.

ಚೆನ್ನಿಗಪ್ಪ ಏಳಲಿಲ್ಲ. "ನಾನು ಎಣಿಸಿದ್ದು ಸರಿ ಇದೆ ತುಂಗಮ್ಮನೋರೇ" ಎಂದ. "ತಿರುಗಿ ತಿರುಗಿ ಹೋಗಿ ಎಣಿಸ್ಕೊಂಡು ಬಂದಿದ್ದೀನಿ. ತಪ್ಪಿದ್ರೆ ತೋರಿಸಿ."

ಬೆಟ್ಟಯ್ಯನವರಿಗೆ ಒಂದು ಕಣ್ಣು ಅಡುಗೆಯ ಮೇಲೆ. ಅವರು ನಮ್ಮಿಬ್ಬರನ್ನೂ ಹತ್ತಿರ ಕರೆದು ದನಿ ತಗ್ಗಿಸಿದರು. "ಯಾಕಮ್ಮ ಗಲಾಟೆ? ಇವನ ನೂಲನ್ನ ಬಿಚ್ಚಿ ನಿನ್ನ ಡಬ್ಬಿಗೇ ಕಟ್ಟಿಬಿಡೋಣ. ಆಮೇಲೆ ಜಗ್ಗು, ಕುಣಿದೇ ಕುಣಿಯುತ್ತೆ. ಜನ ನೋಡ್ತಾರೆ, ಅಕ್ಷತೆ ಹಾಕ್ತಾರೆ, ಊಟಕ್ಕೆ ಏಳ್ತಾರೆ. ಹುಳಿ ಆರ್ತಾ ಇದೆ."

ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ನನ್ನ ಮನಸ್ಸು ಒಪ್ಪಿತ್ತು. ಮೂವತ್ತೊಂಬತ್ತು ವರ್ಷ ಕಾದವಳಿಗೆ ಒಂದು ಗಂಟು ದೊಡ್ಡದೆ? ಚೆನ್ನಿಗಪ್ಪನ ಮುಖ ನೋಡಿದೆ.

"ಗಂಟು ಹಾಕೋದು ನನಗೆ ಕಷ್ಟ ಅಲ್ಲ ಬೆಟ್ಟಯ್ಯನೋರೇ" ಎಂದ ಅವನು. ಅವನು ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಆದ್ರೆ ಆಮೇಲೆ ಇವರು ಜೀವನ ಪೂರ್ತಿ, ನನ್ನ ಗಂಡನಿಗೆ ನಮ್ಮನೆ ದಾರಿ ಎಣಿಸೋಕೂ ಬರ್ಲಿಲ್ಲ ಅಂತಾನೇ ತಿಳ್ಕೊಂಡಿರ್ತಾರೆ. ಅದು ನನಗೆ ಬೇಡ."

ನನಗೂ ಬೇಡವೆನ್ನಿಸಿತು. ತಪ್ಪು ಎಣಿಸಿದ್ದರೆ ತಪ್ಪು ಎಂದು ತಿಳಿಯಲಿ, ಸರಿಯಾಗಿದ್ದರೆ ಸರಿ ಎಂದು ತಿಳಿಯಲಿ. ಸೆರಗು ಸಿಕ್ಕಿಸಿಕೊಂಡು ಎದ್ದೆ.

"ಈರಣ್ಣಾ, ಹೋಗಿ ನಮ್ಮ ಡಬ್ಬಿಗಳನ್ನ ತಗೊಂಡು ಬಾ. ಬರ್ತಾ ಇಕ್ಕಳಾನೂ ತಗೊಂಡು ಬಾ. ಮೊಳೆ ಕೀಳ್ಬೇಕು."

ಚಪ್ಪರದಲ್ಲಿ ಗದ್ದಲವೋ ಗದ್ದಲ. ಡಬ್ಬಿ ತೆಗೀತಾಳಂತೆ! ಎಲ್ಲರೆದುರು! ಯಾರೋ ಮಕ್ಕಳ ಕಣ್ಣು ಮುಚ್ಚಿದರು. ಬೆಟ್ಟಯ್ಯನವರು ಬಾಗಿಲ ಕ‌ಡೆ ಕೈ ತೋರಿಸಿದರು. "ಬೋರ್ಡ್ ಹಾಕ್ಸಿದ್ದು ನೀನೇ ಅಲ್ವಾ? ತೆಗೆದೋರಿಗೆ ಮತ್ತೆ ಒಳಗೆ ಪ್ರವೇಶ ಇಲ್ಲ. ನಿನಗೂ ಇಲ್ಲ."

"ಓದೋಕೆ ಬರುತ್ತೆ ನನಗೆ" ಎಂದೆ. ಹದಿನಾಲ್ಕು ವರ್ಷದ ಬೀಗದ ಕೈಗೊಂಚಲನ್ನು ಸೊಂಟದಿಂದ ಬಿಚ್ಚಿ ಅವರ ಮುಂದಿಟ್ಟೆ. ಈರಣ್ಣ ಬಿಕ್ಕಳಿಸಿ ಅಳತೊಡಗಿದ. "ನಾಳೆಯಿಂದ ನಮ್ಮನ್ನ ಯಾರಕ್ಕಾ ಬೈತಾರೆ?"

ಮೊಳೆ ಕಿತ್ತೆವು. ಚಾಪೆಯ ಮೇಲೆ ನನ್ನ ಬೀಜ ಈ ಕಡೆ, ಅವನ ಬೀಜ ಆ ಕಡೆ ಸುರಿದು ಜೋಡಿ ಇಡತೊಡಗಿದೆವು. ಜೋಡಿ ಇಡುವುದನ್ನು ಕಂಡೇ ಇರದ ಹರೆಯದವರೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡುತ್ತಿದ್ದರು. ಅರ್ಧ ಮುಗಿದಿರಬಹುದು, ಢಣ್ ಎಂದು ಗಂಟೆ ಹೊಡೆಯಿತು. ವಾರದ ಗಂಟೆ! ಮದುವೆಯ ಗಡಿಬಿಡಿಯಲ್ಲಿ ಅದನ್ನು ಮುಂದೂಡುವಂತೆ ಹೇಳಲು ಮರೆತಿದ್ದೆ.

ಊರು ನಿಂತಿತು. ಹುಳಿಯ ಸೌಟು ಗಾಳಿಯಲ್ಲಿ ನಿಂತಿತು. ಬೆಟ್ಟಯ್ಯನವರ ಆಕಳಿಕೆ ಅರ್ಧಕ್ಕೇ ನಿಂತಿತು. ನಾನು ಒಂದು ಕೈಯಲ್ಲಿ ಬೀಜ, ಇನ್ನೊಂದು ಕೈಯಲ್ಲಿ ಬಿಗಿಹಿಡಿದ ನೂಲಿನ ಜೊತೆ ಬಗ್ಗಿದಂತೆಯೇ ಇದ್ದೆ. ಎದುರಿಗೆ ಚೆನ್ನಿಗಪ್ಪನೂ ಹಾಗೇ ಇದ್ದ. ಅಲುಗಾಡುವಂತಿಲ್ಲವೇ ಹೊರತು ಮೆಲ್ಲಗೆ ಮಾತಾಡುವುದಕ್ಕೆ ಅಡ್ಡಿಯಿಲ್ಲ.

"ಸರಿ ಬರದಿದ್ರೆ ಏನ್ ಮಾಡೋದ್ರೀ?" ಎಂದು ಪಿಸುಗುಟ್ಟಿದೆ.

"ಮತ್ತೆ ಎಣಿಸೋಣ" ಎಂದ. "ಜೊತೇಲಿ ನಡ್ಕೊಂಡು."

ನನಗೆ ಅಳು ಬಂತು. ಒರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ. ಕಣ್ಣು ತಪ್ಪಿಸಲು ಆಚೆ ನೋಡಿದಾಗ ಲಿಂಗಾಜಮ್ಮ ಕಂಡಳು. ಅವಳೂ ಎಲ್ಲರಂತೆ ನೂಲು ಬಿಗಿಹಿಡಿದು ನಿಂತಿದ್ದಳು. ಉಪ್ಪು, ಹಾಲು, ಕೋಳಿ ಮೊಟ್ಟೆಗಳ ಬಿಳಿ ನೂಲುಗಳ ಜೊತೆ ಅವಳ ಬೆರಳಿಗೆ ಕಪ್ಪಗೆ ಮಾಸಿದ ಹಳೆಯ ನೂಲೊಂದು ಸುತ್ತಿತ್ತು. ಅದು ಹಲಗೆಯ ಕಿಟಕಿಗೆ ಹೋಗಿರಲಿಲ್ಲ, ಹಿಂದಿನ ಕೋಣೆಯ ಕಿಟಕಿಗೆ ಹೋಗಿತ್ತು. ಅವಳು ಅದನ್ನು ಎಷ್ಟು ಬಿಗಿಯಾಗಿ ಎಳೆದಿದ್ದಳೆಂದರೆ ಬೆರಳು ಬಿಳುಚಿಕೊಂಡಿತ್ತು.

ಗಂಟೆ ಮುಗಿಯಿತು. ಜೋಡಿ ಇಡುವುದನ್ನು ಮುಂದುವರಿಸಿದೆವು. ನನ್ನ ಕಡೆ ಮೂರು ಉಳಿದವು, ಅವನ ಕಡೆ ಮೂರು. ಎರಡು, ಎರಡು. ಕೊನೆಯದನ್ನು ನಾನಿಟ್ಟೆ, ಪಕ್ಕದಲ್ಲಿ ಅವನ ಕೊನೆಯದನ್ನು ಅವನಿಟ್ಟ. ಚಾಪೆಯ ಮೇಲೆ ಒಂಟಿ ಬೀಜ ಒಂದೂ ಇರಲಿಲ್ಲ.

ಚಪ್ಪರ ಹಾರಿಹೋಗುವಂತೆ ಜನ ಕೂಗಿದರು. ಓಲಗದವರು ಯಾರೂ ಹೇಳದಿದ್ದರೂ ಊದಿಬಿಟ್ಟರು. "ಕೂತ್ಕೊಳಿ ಕೂತ್ಕೊಳಿ, ಬೇಗ ತಾಳಿ ಕಟ್ಟಿಸೋಣ" ಎಂದು ಬೆಟ್ಟಯ್ಯನವರು ಅಕ್ಷತೆಯ ತಟ್ಟೆಗೆ ಕೈ ಚಾಚಿದರು.

"ಸ್ವಲ್ಪ ನಿಲ್ಸಿ" ಎಂದಳು ಲಿಂಗಾಜಮ್ಮ. ನನ್ನ ಹತ್ತಿರ ಬಂದಳು. "ಒಳಗೆ ಸರಿಸಮ ಇದ್ರೂ ಕುಣೀಲಿಲ್ಲ. ಯಾಕೆ?"

"ಗೋಡೆ ತನಕ ಇರೋವು ಎಲ್ಲರಿಗೂ ಅದದೇ ಡಬ್ಬಿ ಅತ್ತಿಗೆ. ಅದಕ್ಕೇ ಕುಣಿಯುತ್ತೆ. ಗೋಡೆಯಿಂದಾಚೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಡಬ್ಬಿ. ಒಳಗೆ ಏನಿದ್ರೂ ಅದು ಕುಣಿಯಲ್ಲ."

"ಯಾವತ್ತೂ?"

"ಯಾವತ್ತೂ."

"ಇದು ನಿನಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎಂದು ಹೇಳಿಬಿಡಬಹುದಿತ್ತು. ಮಡಿವಾಳರವನು ಗುಂಪಿನಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದ. "ಹೇಳಿದವರಿದ್ರು. ನಾನು ಕೇಳಿಸ್ಕೊಳ್ಳಲಿಲ್ಲ" ಎಂದೆ.

ಅವಳು ಆ ಮಾಸಿದ ನೂಲನ್ನು ಬೆರಳಿನಿಂದ ಬಿಡಿಸಿ ನನ್ನ ಕೈಯಲ್ಲಿಟ್ಟಳು. "ಇದನ್ನೂ ತೆಗಿ."

ಪ್ರವೇಶವಿಲ್ಲ ಎನ್ನುವ ಬೋರ್ಡಿನ ಕೆಳಗೇ ನುಗ್ಗಿ ಹೋದೆ. ಯಾರೂ ತಡೆಯಲಿಲ್ಲ. ಹಿಂದಿನ ಕೋಣೆಯ ಮೂಲೆಯಲ್ಲಿ ಧೂಳು ಹಿಡಿದ ಅವಳ ಡಬ್ಬಿ ಇತ್ತು. ಅದರ ಪಕ್ಕದಲ್ಲೇ ಅಷ್ಟೇ ಧೂಳು ಹಿಡಿದ ಇನ್ನೊಂದು ಡಬ್ಬಿ, ಸುಣ್ಣ ಅರ್ಧ ಅಳಿಸಿಹೋಗಿದ್ದರೂ ಮರಿಸಿದ್ದ ಎಂದು ಓದಬಹುದಿತ್ತು. ಆಗತಾನೆ ಗಂಟೆಯಾಗಿ ಬೇಡದ ಡಬ್ಬಿಗಳೆಲ್ಲ ಒಲೆಗೆ ಹೋಗಿದ್ದವು. ಇದು ಉಳಿದಿತ್ತು. ಅದರ ನೂಲು ಪಡುವಲ ಕಿಟಕಿಯಿಂದ ಹೊರಗೆ, ಗಾಣದ ಕಡೆಗೆ, ನೆಟ್ಟಗೆ ಬಿಗಿದುಕೊಂಡಿತ್ತು. ಒಂಬತ್ತು ವರ್ಷ ಆ ಮನುಷ್ಯನೂ ದಿನಾ ಎಳೆದು ಬಿಗಿಮಾಡುತ್ತಲೇ ಬಂದಿದ್ದ.

ಎರಡನ್ನೂ ತಂದು ಚಾಪೆಯ ಮೇಲೆ ಸುರಿದೆ. ನಾನೂ ಚೆನ್ನಿಗಪ್ಪನೂ ಜೋಡಿ ಇಟ್ಟೆವು. ಲಿಂಗಾಜಮ್ಮ ಮುಟ್ಟಲಿಲ್ಲ, ಕಣ್ಣು ಮಿಟುಕಿಸದೆ ನೋಡುತ್ತ ನಿಂತಿದ್ದಳು. ನೂರಮೂವತ್ತನಾಲ್ಕು ಜೋಡಿ. ಒಂಟಿ ಬೀಜ ಇರಲಿಲ್ಲ.

ಈ ಸಲ ಯಾರೂ ಕೂಗಲಿಲ್ಲ.

"ಇಷ್ಟು ವರ್ಷ" ಎಂದಳು ಲಿಂಗಾಜಮ್ಮ, "ದಿನಾ ಬೆಳಗ್ಗೆ ಈ ನೂಲು ಎಳೀತಾ ಆ ಮನುಷ್ಯನ್ನ ಬೈದಿದ್ದೀನಿ. ನಮ್ಮನೆ ದಾರಿ ಎಣಿಸೋಕೂ ಯೋಗ್ಯತೆ ಇಲ್ಲದ ಪ್ರಾಣಿ ಅಂತ. ಆ ಬೈಗುಳ ಅಷ್ಟೂ ನಿನಗೆ ಸೇರ್ಬೇಕಾಗಿತ್ತು."

"ಹೌದು ಅತ್ತಿಗೆ" ಎಂದೆ. "ಬೈಯಿರಿ." ಬೈಯಲಿ ಎಂದೇ ಬಯಸಿದೆ. ಬೈಗುಳ ತಿನ್ನಲು ಅಷ್ಟು ಆಸೆಯಾದದ್ದು ಜೀವನದಲ್ಲಿ ಅದೊಂದೇ ಸಲ.

ಅವಳು "ಈಗ ಪುರುಸೊತ್ತಿಲ್ಲ" ಎಂದು ಹೇಳಿ, ರೇಷ್ಮೆ ಸೀರೆಯ ನಿರಿಗೆಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿಕೊಂಡು, ಪಡುವಲ ಬೀದಿಯ ಕಡೆ ದಾಪುಗಾಲು ಹಾಕಿದಳು.

"ಊಟ ಮಾಡ್ಕೊಂಡು ಹೋಗಮ್ಮಾ!" ಎಂದು ಬೆಟ್ಟಯ್ಯನವರು ಹಿಂದಿನಿಂದ ಕೂಗಿದರು.

ಅವಳು ತಿರುಗಿಯೂ ನೋಡದೆ ಕೂಗಿ ಹೇಳಿದಳು. "ಎರಡು ಎಲೆ ಹಾಕಿಡಿ!"

ನಮ್ಮೂರ ನಡುಬೀದಿಯಲ್ಲಿ ಒಬ್ಬ ಹೆಂಗಸು ಬಾಯಿಬಿಟ್ಟು ಸಂಖ್ಯೆ ಹೇಳಿದ್ದನ್ನು ಅಲ್ಲಿದ್ದ ಪ್ರತಿಯೊಬ್ಬರೂ ಕೇಳಿದರು. ಬೆಟ್ಟಯ್ಯನವರು ಕೆಮ್ಮಿ, ಎಲೆ ಹಾಕುವವನ ಕಡೆಗೆ ತಲೆಯಾಡಿಸಿದರು. ನಾನು ಚಾಪೆಯ ಮೇಲಿಂದ ಎದ್ದು, ಅವರು ಬರುವ ತನಕ ತಾಳಿ ಬೇಡ ಎಂದೆ. ಮುಹೂರ್ತ ಮೀರುತ್ತೆ ಎಂದರು. ಮೀರಲಿ ಎಂದೆ. ಚೆನ್ನಿಗಪ್ಪ ಆಗಲೇ ಎದ್ದು ಬೀದಿಯ ಕಡೆ ಮುಖ ಮಾಡಿ ನಿಂತಿದ್ದ. ನಾನೂ ಹೋಗಿ ಅವನ ಪಕ್ಕ ನಿಂತುಕೊಂಡೆ.